ಆರೂಕಾಲು ಚೀಲ

ಶಾಲೆಯ ಮೆಟ್ಟಿಲು ಹತ್ತದೆಯೇ ಲೆಕ್ಕ ಕಲಿತವನು ನಾನು! ಹಿಟ್ಟಿನ ಗಿರಣಿಯಲ್ಲಿ ಆಯುಷ್ಯ ಸವೆಸಿದ್ದೇನೆ; ಮೂಟೆಯನ್ನು ದೂರದಿಂದ ನೋಡಿಯೇ ಅರ್ಧವೋ ಮುಕ್ಕಾಲೋ ಹೇಳಬಲ್ಲೆ. ಇಂಥ ನಾನು ಯುದ್ಧಕಾಲದಲ್ಲಿ ಕೈಕಟ್ಟಿ ಕೂರುವುದೆ? ಅದೂ ಸ್ವಂತ ಮಗನೇ ಹಿಮದಲ್ಲಿ ಕಾವಲು ನಿಂತಿರುವಾಗ?

ತಂಗಿಯ ಮನೆಗೆ ಹೊರಟ ನನ್ನಾಕೆ ಬಸ್ಸಿನ ಕಿಟಕಿಯಿಂದ ಕೂಗಿದಳು: "ರೀ, ಮಗನ ತುಕಡಿಗೆ ಆರು ಕಾಲುಚೀಲ ಒಪ್ಕೊಂಡಿದ್ದೀನಿ. ಭಾನುವಾರ ಮಿಲಿಟರಿ ಲಾರಿ ಬರುತ್ತೆ. ಉಣ್ಣೆ ಸಾಲದು, ಹೊಂದಿಸಿಡಿ!"

ಆರೂಕಾಲು ಚೀಲ ಉಣ್ಣೆ! ಅಷ್ಟನ್ನು ಎಲ್ಲಿಂದ ತರುವುದು? ಆದರೂ ಟೊಂಕ ಕಟ್ಟಿ ನಿಂತೆ.

ಮನೆಯ ಶಾಲು, ಕಂಬಳಿಗಳನ್ನೆಲ್ಲ ಎಳೆಎಳೆಯಾಗಿ ಬಿಚ್ಚಿ ಗುಡ್ಡೆ ಹಾಕಿದೆ. ಆಮೇಲೆ ಬೀದಿಗಿಳಿದೆ. ದರ್ಜಿಯ ಟೊಪ್ಪಿ, ಸೂಲಗಿತ್ತಿಯ ಶಾಲು, ಎದುರುಮನೆ ಸೊಸೆಯ ಸ್ವೆಟರು! "ಸಿಪಾಯಿಗಳಿಗೆ!" ಎಂದು ಗರ್ಜಿಸಿದರೆ ಇಲ್ಲವೆನ್ನುವವರು ಯಾರು? ಅವನ್ನೂ ಬಿಚ್ಚಿದಾಗ ಆರು ಚೀಲ ತುಂಬಿತು. ಕಾಲು ಚೀಲ ಮಾತ್ರ ತುಂಬಲೊಲ್ಲದು. ಮನೆ ಜಾಲಾಡಿದಾಗ ಬುಟ್ಟಿಯೊಂದರಲ್ಲಿ ಕಡ್ಡಿ ಚುಚ್ಚಿಕೊಂಡ ಐದು ಉಣ್ಣೆಯ ಕೊಳವೆಗಳು ಸಿಕ್ಕವು. ಬಾಟಲಿಗೆ ಹೊದಿಸುವ ಷೋಕಿ ಇರಬೇಕು! ಎಳೆದದ್ದೇ ತಡ, ಸರಸರನೆ ಬಿಚ್ಚಿಕೊಂಡವು.

ಶುಕ್ರವಾರ ನನ್ನಾಕೆ ಬಂದಳು.

"ಇದೇನ್ರೀ, ಮನೆ ತುಂಬ ಮೂಟೆ?"

"ಆರೂಕಾಲು ಚೀಲ! ಬೇಕಾದ್ರೆ ಅಳೆದು ನೋಡು!"

"ಅಯ್ಯೋ ನನ್ನ ಕರ್ಮವೇ! ನಾನಂದಿದ್ದು ಕಾಲಿಗೆ ಹಾಕೋ ಚೀಲ, ಆರು! ಐದಕ್ಕೆ ಹಿಮ್ಮಡಿ, ಬೆರಳು ಹೆಣೆಯೋದಷ್ಟೇ ಬಾಕಿ ಇತ್ತು. ಎಲ್ಲಿ ಅವು?"

ಕಾಲು ಚೀಲ ತುಂಬಿಸಲು ಕಾಲುಚೀಲಗಳನ್ನೇ ಬಿಚ್ಚಿದ್ದೆ! ತಲೆ ತಗ್ಗಿಸಿ ಕೊನೆಯ ಮೂಟೆ ತೋರಿಸಿದೆ. ಅವಳು ಬೈಯಲಿಲ್ಲ. "ಹಿಮದಲ್ಲಿ ನಮ್ಮ ಮಗು ಒದ್ದೆ ಕಾಲಲ್ಲೇ ನಿಂತಿರುತ್ತೆ" ಎಂದು ಕುಸಿದು ಕೂತಳು. ಬೈದಿದ್ದರೇ ಚೆನ್ನಾಗಿತ್ತು.

ಅಷ್ಟರಲ್ಲಿ ಬೀದಿಯವರ ದಂಡೇ ಬಾಗಿಲಿಗೆ ಬಂತು.

"ಮಾವ, ನನ್ನ ಸ್ವೆಟರ್ ಬಿಚ್ಚಿಬಿಟ್ರಂತೆ! ಏನಾಯ್ತು ಅದು?" ಎಂದಳು ಎದುರುಮನೆ ಸೊಸೆ.

"ನೂಲಾಯ್ತಮ್ಮ!"

ನನ್ನಾಕೆ ಕಣ್ಣೊರೆಸಿಕೊಂಡು ಎದ್ದಳು. ಒಬ್ಬೊಬ್ಬರ ಕೈಗೂ ಹೆಣಿಗೆ ಕಡ್ಡಿ ಇಟ್ಟಳು. "ಬಂದೋರು ಕೂತ್ಕೊಳ್ಳಿ. ಈ ಮನೇಲಿ ಬುದ್ಧಿಗೆ ಬರ ಇದೆ, ನೂಲಿಗಿಲ್ಲ!"

ದರ್ಜಿಯೂ ಕೂತ. ಮೂಲೆಯಲ್ಲಿ ನಾನೂ ಕೂತೆ. ಹೇಳಿಕೊಡಲು ಬಂದವರಿಗೆ, "ನನಗೆ ಯಾರೂ ಕಲಿಸೋದು ಬೇಡ" ಎಂದೆ.

ಭಾನುವಾರ ಲಾರಿ ಬಂದಾಗ ಗಿರಣಿಯ ಕಣ್ಣಿನಿಂದ ಅಳೆದೆ: ಸರಿಯಾಗಿ ಕಾಲು ಚೀಲ ಕಾಲುಚೀಲ! ಜೊತೆಗೆ ನಾನು ಹೆಣೆದದ್ದನ್ನೂ ಹೆಮ್ಮೆಯಿಂದ ಚಾಚಿದೆ. ಮೊಳ ಉದ್ದ, ಎರಡೂ ಕಡೆ ಬಾಯಿ.

"ಹಿಮ್ಮಡಿ ಇಲ್ಲ, ಬೆರಳಿಲ್ಲ. ಇದು ಕಾಲುಚೀಲ ಅಲ್ಲ ಕಣ್ರೀ, ಕಾಲು ಕಾಲುಚೀಲ!" ಎಂದವಳು ಅದನ್ನೇ ಎಲ್ಲಕ್ಕಿಂತ ಮೇಲಿಟ್ಟು ಮೂಟೆ ಕಟ್ಟಿದಳು. "ಇರಲಿ, ಹೋಗಲಿ. ನೋಡಿದ ತಕ್ಷಣ ಮಗ ನಗ್ತಾನೆ. ಅಪ್ಪ ಇನ್ನೂ ಹಾಗೇ ಇದ್ದಾರೆ ಅಂತ ಧೈರ್ಯ ತಂದ್ಕೋತಾನೆ!"