ದೊಡ್ಡವರ ಫೋಟೋದಲ್ಲಿ ಒಂದು ಪಾನದಾನ

ದೇಶದ ದೊಡ್ಡ ಮನುಷ್ಯರ ಮನೆಯೊಳಗಿನ ಸಂಗತಿ ನಮ್ಮ ಉಸ್ತಾದರಿಗೆ ಗೊತ್ತಿರುವಷ್ಟು ಅವರ ಹೆಂಡಂದಿರಿಗೂ ಗೊತ್ತಿರಲಾರದು! ಯಾವ ಕ್ರಿಕೆಟ್ ಆಟಗಾರ ಹೂದಾನಿಯೊಳಗೆ ಛತ್ರಿ ಇಡುತ್ತಾನೆ, ಯಾವ ನಟಿ ಅತ್ತರದಾನಿಗೆ ಊದುಬತ್ತಿಯ ಬೂದಿ ಉದುರಿಸುತ್ತಾಳೆ, ಯಾವ ಮಂತ್ರಿ ಬೆಳ್ಳಿ ತಂತಿ ಕೂರಿಸಿದ ತಟ್ಟೆಗೆ ಬೀಗದ ಕೈ ಬಿಸಾಡುತ್ತಾನೆ, ಎಲ್ಲವೂ ಅವರ ನಾಲಗೆಯ ತುದಿಯಲ್ಲಿದೆ. ಹಾಗಂತ ಅವರು ಇವರ್ಯಾರ ಮನೆಗೂ ಹೋದವರಲ್ಲ. ಬೀದರಿನ ಹಳೆ ಊರಿನಲ್ಲಿ, ನಮ್ಮ ಮನೆಯಿಂದ ನಾಲ್ಕನೆಯ ಬಾಗಿಲಿನೊಳಗೆ ಕೂತು, ಎಪ್ಪತ್ತು ದಾಟುವವರೆಗೂ ಬಿದರಿ ಸಾಮಾನು ಮಾಡಿದವರು.

ನಾನು ಅಂಚೆ ಕಚೇರಿಯಿಂದ ನಿವೃತ್ತನಾದವನು. ಆರೂವರೆಗೆ ಚಹಾ, ಆರೂ ಮುಕ್ಕಾಲಿಗೆ ಪತ್ರಿಕೆ, ಏಳೂವರೆಗೆ ಸ್ನಾನ. ಪತ್ರಿಕೆಯ ಮಡಿಕೆ ಬಿಚ್ಚುವ ಮೊದಲೇ ಉಸ್ತಾದರು ಭೂತಗನ್ನಡಿ ಹಿಡಿದು ಹಾಜರು! ಮೊದಲ ಪುಟ ಅವರಿಗೆ ಬೇಡ. ಹೆಸರಾಂತರು ಮನೆಯಲ್ಲಿ ಹೇಗಿರುತ್ತಾರೆ ಎಂದು ಫೋಟೋ ಹಾಕುವ ಪುರವಣಿ ಸಿಕ್ಕರೆ ಸಾಕು.

ಒಮ್ಮೆ ಪ್ರಸಿದ್ಧ ನಟ ದಂಪತಿ ಬೇರೆಯಾದರು. ಪತ್ರಿಕೆಯವರು ಅರ್ಧ ಪುಟದ ತುಂಬ ಅವರ ಮನೆಯೊಳಗಿನ ಹಳೆಯ ಫೋಟೋಗಳನ್ನು ಹಾಕಿದ್ದರು. ನನ್ನ ಹೆಂಡತಿ ನೋಡಿ ಮರುಗಿದಳು: "ಎಷ್ಟ ಚಂದ ಜೋಡಿ ಇತ್ರಿ ಪಾಪ!"

ಉಸ್ತಾದರೂ ನಿಟ್ಟುಸಿರು ಬಿಟ್ಟರು. "ಖರೇ ಅದ ಅಕ್ಕಾ. ಎರಡೂ ಒಂದೇ ವಾರದಾಗ ಮಾಡಿದ್ದೆ. ಈಗ ಒಂದ ಹೂದಾನಿ ಅವನ ಮನಿಗಿ, ಒಂದ ಅಕಿ ಮನಿಗಿ ಹೋಗ್ತದೇನೋ!"

"ಪರರ ಮನಿ ಹಿಂಗ ಇಣುಕಿ ನೋಡೋದು ಛಲೋ ಅಲ್ರಿ ಉಸ್ತಾದ್," ಎಂದೆ.

"ಮನಿ ಯಾರ ನೋಡ್ತಾರ್ರಿ ಪೋಸ್ಟ್ ಸಾಬ್? ಕೊಟ್ಟ ಹೆಣ್ಮಕ್ಕಳು ಅತ್ತಿ ಮನ್ಯಾಗ ಹ್ಯಾಂಗ ಅವ ಅಂತ ನೋಡ್ತೇನಿ!"

ನಮ್ಮೂರಿನ ರೂಢಿ ಹಾಗಿದೆ. ಯಾರೇ ದೊಡ್ಡವರು ಬರಲಿ, ಹಾರ ಶಾಲು ಆದಮೇಲೆ ಬಿದರಿಯದೊಂದು ಸಾಮಾನು ಕೈಗಿಡುತ್ತೇವೆ. ಅವರು ಕಾರು ಹತ್ತಿ ಹೋಗುತ್ತಾರೆ. ಸಾಮಾನಿನ ಗತಿ ಮುಂದೇನಾಯಿತು ಎಂದು ಯಾರು ಕೇಳುತ್ತಾರೆ? ಉಸ್ತಾದರು ಕೇಳುತ್ತಾರೆ. ಅದರಲ್ಲೂ ಅವರು ನಿಜವಾಗಿ ಹುಡುಕುವುದು ಒಂದನ್ನೇ. ಒಂದು ಪಾನದಾನ, ಎಲೆ ಅಡಿಕೆ ಇಡುವ ಡಬ್ಬಿ.

ಅದು ಮಾರಲಿಕ್ಕೆ ಮಾಡಿದ್ದಲ್ಲ. ಮದುವೆಯಾದ ವರ್ಷ ಹೆಂಡತಿಗೆಂದು, ನಾವೆಲ್ಲ ಭಾಭಿ ಅನ್ನುತ್ತಿದ್ದವರಿಗೆಂದು, ಮಾಡಿದ್ದು. ಮುಚ್ಚಳದ ಸುತ್ತ ಆರಾರು ಎಸಳಿನ ಹೂಗಳು. ಒಂದಕ್ಕೆ ಮಾತ್ರ ಐದೇ. ಆ ಹೂ ಕೊರೆಯುವಾಗ ಭಾಭಿ ಊಟಕ್ಕೆ ಕರೆದರಂತೆ, ಉಂಡು ಬಂದವರು ಎಣಿಕೆ ತಪ್ಪಿದರಂತೆ. ಭಾಭಿ ಬಹಳ ವರ್ಷ ಅದರಲ್ಲೇ ಎಲೆ ಅಡಿಕೆ ಇಟ್ಟುಕೊಂಡರು. ಆಮೇಲೊಮ್ಮೆ ಮುಂಬಯಿಯ ಬಹುದೊಡ್ಡ ಗಾಯಕಿಯೊಬ್ಬರು ಬೀದರಿಗೆ ಬಂದರು. ಅವರಿಗೆಂದು ಮಾಡಿದ ಸುರಾಯಿ, ಉದ್ದ ಕುತ್ತಿಗೆಯ ಹೂಜಿ, ಕೊಡಬೇಕಾದ ದಿನವೇ ಕುತ್ತಿಗೆಯಲ್ಲಿ ಬಿರುಕುಬಿಟ್ಟಿತು. ಉಸ್ತಾದರು ತಲೆಯ ಮೇಲೆ ಕೈಹೊತ್ತು ಕೂತಾಗ ಭಾಭಿ ತಮ್ಮ ಪಾನದಾನ ಬರಿದುಮಾಡಿ, ಸೆರಗಿನಿಂದ ಒರೆಸಿ ಮುಂದಿಟ್ಟರು.

"ಮಾತ ಕೊಟ್ಟೀರಲ್ರಿ. ಇದನ್ನೇ ಒಯ್ರಿ. ಮೆಹಮಾನರು ಖಾಲಿ ಕೈಲೆ ಹೋಗಬಾರದು."

"ಒಂದ ತಿಂಗಳದಾಗ ಇದಕ್ಕಿಂತ ಛಲೋದು ಮಾಡಿಕೊಡ್ತೇನಿ," ಎಂದರು ಉಸ್ತಾದರು.

ಆ ತಿಂಗಳು ಬರಲೇ ಇಲ್ಲ. ಒಂದರ ಬೆನ್ನಿಗೆ ಒಂದು ಕೆಲಸ. ಭಾಭಿ ಬಿಸ್ಕತ್ತಿನ ಡಬ್ಬಿಯಲ್ಲಿ ಎಲೆ ಇಟ್ಟುಕೊಂಡು ತಿನ್ನುತ್ತಲೇ ಒಂದು ದಿನ ಹೋಗಿಬಿಟ್ಟರು. ಅಂದಿನಿಂದ ಉಸ್ತಾದರದು ಒಂದೇ ಹಂಬಲ: ಆ ಪಾನದಾನ ಎಲ್ಲಿದೆ, ಹೇಗಿದೆ, ಒಮ್ಮೆ ಕಣ್ಣಾರೆ ನೋಡಬೇಕು.

ಆದರೆ ಆ ಗಾಯಕಿಯೋ, ಹೊಸ್ತಿಲೊಳಗೆ ಕ್ಯಾಮೆರಾ ಬಿಡದ ಹೆಂಗಸು! ಅದಕ್ಕೆಂದೇ ಉಸ್ತಾದರು ಕಟಿಂಗಿಗೆ ಭಾಲ್ಕಿಗೆ ಹೋಗತೊಡಗಿದರು. ಬೀದರಿನಲ್ಲಿ ಕಟಿಂಗ್ ಅಂಗಡಿ ಇಲ್ಲವೇ? ಬೇಕಾದಷ್ಟಿವೆ. ಆದರೆ ಭಾಲ್ಕಿಯ ಆ ಅಂಗಡಿಯಲ್ಲಿ ಹಳೆಯ ಸಿನಿಮಾ ಪತ್ರಿಕೆಗಳ ರಾಶಿಯೇ ಇತ್ತು. ಅಂಗಡಿಯವನು ಕೈಮುಗಿದು ಕೇಳಿದನಂತೆ: "ಚಾಚಾ, ನಿಮ್ಮ ತಲಿಮ್ಯಾಗ ಇರೋದೇ ಹನ್ನೆರಡ ಕೂದಲ. ಹದಿನೈದ ದಿನಕ್ಕೊಮ್ಮಿ ಬಸ್ ಹತ್ತಿ ಬರ್ತೀರಿ. ಯಾವುದು ಕತ್ತರಿಸಲಿ, ನೀವೇ ಬೆರಳ ಮಾಡಿ ತೋರಸ್ರಿ!"

"ನನಗ ಅವಸರ ಇಲ್ಲ ಬೇಟಾ. ಮೊದಲ ಉಳಿದವರದು ಮುಗಸು."

ರಾಶಿಯ ತಳ ಮುಟ್ಟಿದ ದಿನ ಸಪ್ಪೆ ಮೋರೆ ಹಾಕಿಕೊಂಡು ಬಂದರು. "ಆ ಗಾಯಕಿ ಮನಿ ಫೋಟೋ ಒಂದ ಸಿಕ್ತು, ಪೋಸ್ಟ್ ಸಾಬ್. ಬರೇ ಬಾಗಿಲದ್ದು. ಅದೂ ಮುಚ್ಚಿದ್ದು!"

ಇದನ್ನು ಹುಡುಕುವಾಗ ಬೇರೊಂದು ಕಣ್ಣಿಗೆ ಬೀಳುವುದೂ ಉಂಟು. ಔರಾದ ಕಡೆಯ ಮುಖಂಡರೊಬ್ಬರು ಮನೆಯಲ್ಲಿ ನೆಲದ ಮೇಲೆ ಕೂತು ರೊಟ್ಟಿ ತಿನ್ನುವ ಫೋಟೋ ಪತ್ರಿಕೆಯಲ್ಲಿ ಬಂತು. ಎಂಥ ಸರಳ ಜೀವನ ಎಂದು ಜನ ಹೊಗಳಿದರು. ಉಸ್ತಾದರು ಮಾತ್ರ ಎದೆ ಹಿಡಿದುಕೊಂಡರು. ಮುಖಂಡರ ಬೆನ್ನ ಹಿಂದಿನ ಕಪಾಟಿನಲ್ಲಿ ಅವರು ಮಾಡಿದ ಹೂದಾನಿ ಸ್ಟೀಲ್ ಚರಿಗೆಯ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು! ಬಿದರಿ ಎಂದರೆ ಕಪ್ಪು. ಕಪ್ಪು ಹೋದರೆ ಉಳಿಯುವುದೇನು? ಮರುದಿನವೇ ಬಿದರಿಗೆ ಕಪ್ಪು ಹತ್ತಿಸುವ ಕೋಟೆಯ ಮಣ್ಣು ಗಂಟುಕಟ್ಟಿಕೊಂಡು, ನನ್ನನ್ನೂ ಎಳೆದುಕೊಂಡು ಔರಾದಿಗೆ ಹೊರಟರು. ಆ ದಿನ ನನ್ನ ಸ್ನಾನವಾದದ್ದು ಸಂಜೆಗೆ.

ಮುಖಂಡರು ಊರಲ್ಲಿರಲಿಲ್ಲ. ಅವರ ಹೆಂಡತಿ ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟರು.

"ಅಕ್ಕಾ, ಆ ಹೂದಾನಿಗಿ ಏನ ಹಚ್ಚೀರಿ?"

"ಹುಣಸಿಹಣ್ಣ ಹಚ್ಚೀನ್ರಿ ಚಾಚಾ! ಯಾರೋ ಕೊಟ್ಟಾರ, ಮಸಿ ಹಿಡದಿತ್ತು. ಎರಡ ದಿನ ತಿಕ್ಕೀನಿ ನೋಡ್ರಿ, ಹ್ಯಾಂಗ ಬೆಳಗ್ತದ!"

ಉಸ್ತಾದರು ಎದ್ದು ಗಂಟು ಬಿಚ್ಚಿದರು. ಹಿತ್ತಲಲ್ಲಿ ಒಲೆ ಹೂಡಿಸಿದರು. ಹೂದಾನಿ ಕಾಯಿಸಿ, ಮಣ್ಣು ಕಲಸಿ ಬಳಿದರು. ತೊಳೆದು ಎಣ್ಣೆ ಒರೆಸಿದರು. ಕಾರಿರುಳಿನಂಥ ಕಪ್ಪಿನಲ್ಲಿ ಬೆಳ್ಳಿ ಬಳ್ಳಿ ಎದ್ದು ನಿಂತಿತು. ನಾನು ಬೆರಗಾಗಿ ನೋಡುತ್ತಿದ್ದೆ. ಆ ಹೆಣ್ಣುಮಗಳು ಹಣೆ ಬಡಿದುಕೊಂಡರು: "ಅಯ್ಯ! ಎರಡ ದಿನದ ನನ್ನ ಕೆಲಸ ಪೂರಾ ಹಾಳ ಮಾಡಿದ್ರಲ್ರಿ!"

ಕಳೆದ ಚಳಿಗಾಲದಲ್ಲಿ ಆ ಗಾಯಕಿಯ ಮೊಮ್ಮಗಳು ಅಜ್ಜಿಯ ಫೋಟೋಗಳನ್ನು ಮೊಬೈಲಿನಲ್ಲಿ ಹಂಚತೊಡಗಿದಳು. ಎಲ್ಲವೂ ಮನೆಯೊಳಗಿನವು. ಜರಿ ಸೀರೆಯ, ಮುಡಿ ತುಂಬ ಹೂವಿನ ಗಾಯಕಿ ಎಲ್ಲಿ, ಮಾಸಿದ ಸೀರೆಯುಟ್ಟು ಕೂದಲು ಬಿಚ್ಚಿಕೊಂಡು ಚಾಪೆಯ ಮೇಲೆ ಕೂತ ಈ ಮುದುಕಿ ಎಲ್ಲಿ! ಇಂಥ ದೊಡ್ಡವರನ್ನು ಹೀಗೆಲ್ಲ ತೋರಿಸಬಹುದೇ ಎಂದು ಜನ ಕೆಳಗೆ ಬೈದು ಬರೆದಿದ್ದರು. ನನಗೂ ಹಾಗೇ ಅನ್ನಿಸಿತ್ತು. ಏಳನೆಯ ಫೋಟೋ ನೋಡಿದವನೇ ಚಪ್ಪಲಿ ಮೆಟ್ಟದೆ ಉಸ್ತಾದರ ಮನೆಗೆ ಓಡಿದೆ.

ಗಾಯಕಿ ಗೋಡೆಗೆ ಒರಗಿ, ಒಂದು ಮೊಣಕಾಲು ಎತ್ತಿಕೊಂಡು ಕೂತಿದ್ದರು. ಕೈಯಲ್ಲಿ ಅಡಕೊತ್ತು. ತುಟಿ ಕೆಂಪು. ಮಡಿಲಲ್ಲಿ ತೆರೆದ ಪಾನದಾನ. ನಾನು ಎರಡು ಬೆರಳಿನಿಂದ ಮುಚ್ಚಳವನ್ನು ದೊಡ್ಡದು ಮಾಡಿ ತೋರಿಸಿದೆ. ಉಸ್ತಾದರು ಎಸಳು ಎಣಿಸಿದರು. ಇನ್ನೊಮ್ಮೆ ಎಣಿಸಿದರು.

"ಐದು," ಎಂದರು.

ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಅವರು ಮೊಬೈಲನ್ನು ಕಣ್ಣಿನ ಹತ್ತಿರ ತಂದುಕೊಂಡರು.

"ಕಾಗದ ಬರೀತೇನ್ರಿ ಉಸ್ತಾದ್. ಇದ್ದ ವಿಷಯ ತಿಳಿಸಿದರ ತಿರುಗಿ ಕಳಸ್ತಾರ."

"ಬ್ಯಾಡ್ರಿ. ನಿಮ್ಮ ಭಾಭಿ ಕೊಟ್ಟದ್ದು ನಾ ಯಾಕ ಬೇಡಲಿ? ನೋಡ್ರಿ, ಅಂಚಿಗಿ ಸುಣ್ಣ ಹತ್ಯದ. ದಿನಾ ತಿಂತಾರ."

ನಾನು ಫೋಟೋವನ್ನು ಮತ್ತೆ ಮೊದಲಿನ ಅಳತೆಗೆ ತಂದೆ. ಆಮೇಲೆ ಅವರು ಪರದೆಯ ಮೇಲೆ, ಗಾಯಕಿಯ ಮುಖದ ಮೇಲೆ, ಹೆಬ್ಬೆರಳು ಇಟ್ಟರು. ಫೋಟೋ ಜಾರಿ ಮುಂದಿನದು ಬಂತು. ನಾನು ತಿರುಗಿ ತಂದೆ. ಮತ್ತೆ ಹೆಬ್ಬೆರಳು, ಮತ್ತೆ ಜಾರಿತು. ನನಗೆ ರೇಗಿತು.

"ಸುಮ್ಮ ನೋಡ್ರಲ್ಲ! ಯಾಕ ಮುಟ್ತೀರಿ?"

"ಮಾರಿ ಅಷ್ಟೇ ಮುಚ್ಚಬೇಕಾಗೇದ್ರಿ, ಸಾಬ್." ಅವರು ಕತ್ತು ಎತ್ತಲಿಲ್ಲ. "ಮನ್ಯಾಗ ನಿಮ್ಮ ಭಾಭಿದು ಗುರುತಿನ ಚೀಟಿ ಫೋಟೋ ಒಂದೇ ಅದ. ಅದರಾಗ ಹೆದರಿ ಕಣ್ಣ ಬಿಟ್ಟಾಳ. ಅಕಿ ಕೂಡತಿದ್ದದ್ದು ಹಿಂಗ."

ನಾನು ಗೋಡೆಯ ಕ್ಯಾಲೆಂಡರಿನಿಂದ ಉಗುರಿನಷ್ಟು ಕಾಗದ ಹರಿದು ಆ ಮುಖದ ಮೇಲೆ ಇಟ್ಟೆ. ಫೋಟೋ ಜಾರಲಿಲ್ಲ. ಉಸ್ತಾದರು ನೋಡುತ್ತ ಕೂತರು. ಸ್ವಲ್ಪ ಹೊತ್ತಿಗೊಮ್ಮೆ ಪರದೆ ಮಂಕಾಗುತ್ತಿತ್ತು. ಆಗೆಲ್ಲ ನಾನು ಮೂಲೆಗೆ ಮೆಲ್ಲಗೆ ಬೆರಳು ತಾಗಿಸಿ ಬೆಳಕು ತರುತ್ತಿದ್ದೆ.