ಖಾಜಾನ ಕೈಗೆ ಕಾರು ತೊಡಿಸಿದ್ದು

ಜನರ ಮುಖ ನನಗೆ ಅಷ್ಟಾಗಿ ನೆನಪಿರುವುದಿಲ್ಲ, ಕೈ ಮಾತ್ರ ಮರೆಯುವುದಿಲ್ಲ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಬಳೆ ಅಂಗಡಿ ಇಟ್ಟುಕೊಂಡು ಮುದುಕಿಯಾದವಳಿಗೆ ಇನ್ನೇನು ನೆನಪಿರಬೇಕು? ಮದುವೆಗೆ ಹೋದರೂ ಮದುಮಗಳ ಮುಖಕ್ಕಿಂತ ಮೊದಲು ಮಣಿಕಟ್ಟು ನೋಡಿ ಅವಳ ಬಳೆಯ ಅಳತೆ ಗೊತ್ತುಮಾಡಿಕೊಳ್ಳುತ್ತೇನೆ. ಊಟದ ಹೊತ್ತಿಗೆ ಮುಖ ನೋಡಿದರಾಯಿತು. ಓದಿದ್ದು ಮೂರನೇ ಕ್ಲಾಸು. ಆದರೆ ಎಂಥ ದಪ್ಪ ಕೈಗೂ ಬಳೆ ಏರಿಸಬಲ್ಲೆ ಎಂಬ ಜಂಬ ಎಂ.ಎ. ಮಾಡಿದವರಷ್ಟೇ ಇದೆ. ಅದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಕೈಗೆ ಸೋಪಿನ ನೊರೆ ಹಚ್ಚಬೇಕು, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಬೇಕು, ಆಮೇಲೆ ಏನಾದರೂ ಹೇಳಿ ನಗಿಸಬೇಕು. ಹೆದರಿದ ಕೈ ಕಟ್ಟಿಗೆಯಂತೆ ಬಿಗಿಯುತ್ತದೆ. ನಗುವಾಗ ಒಂದು ಗಳಿಗೆ ಮೆತ್ತಗಾಗುತ್ತದೆ, ಆಗ ತಳ್ಳಿಬಿಡಬೇಕು. ಈ ವಿದ್ಯೆಯನ್ನು ಹೆಂಗಸರ ಕೈಗಷ್ಟೇ ಬಳಸಿಕೊಂಡಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ನಾನು ಅಜ್ಜಿಯಾಗಿದ್ದೇನೆ. ಇದನ್ನು ಮೊದಲೇ ಹೇಳಬೇಕಿತ್ತು. ಸಾಮಾನ್ಯವಾಗಿ ಮೊದಲೇ ಹೇಳುತ್ತೇನೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಕೇಳದಿದ್ದರೂ ಹೇಳುತ್ತೇನೆ. ಹೆಣ್ಣು ಕೂಸು. ಸೊಸೆ ಹೆರಿಗೆಗೆಂದು ಸಿರುಗುಪ್ಪದ ತವರಿಗೆ ಹೋಗಿದ್ದವಳು, ತಾಯಿ ಮಗುವನ್ನು ಮನೆಗೆ ಕರೆತರಲು ದಿನ ಗೊತ್ತಾಗಿತ್ತು. ಅದರ ಹಿಂದಿನ ದಿನವೇ ನನ್ನ ಮಗ ವೀರೇಶನ ಹಳೆಯ ಕಾರು ಗಾಳಿ ಬಿಡುವುದನ್ನು ನಿಲ್ಲಿಸಿತು. ಎಸಿ ಹಾಕಿದರೆ ದೀಪ ಹತ್ತುತ್ತದೆ, ಗಾಳಿ ಬರುವುದಿಲ್ಲ. ಮಗ ಈ ಸಂಗತಿಯನ್ನು ಹೆಂಡತಿಗೆ ಹೇಳಿದ, ಅವಳು ಅಪ್ಪನಿಗೆ ಹೇಳಿದಳು, ಬೀಗರು ನನಗೇ ಫೋನು ಮಾಡಿದರು. "ಅಕ್ಕಾರ, ಈ ಬಿಸಲಾಗ ಗಾಳಿ ಇಲ್ಲದ ಕಾರಿನಾಗ ಕೂಸಿನ್ನ ಕಳಸಂಗಿಲ್ಲ ನೋಡ್ರಿ. ಸರಿ ಆಗಲಿಲ್ಲಂದ್ರ ಮಳಿ ಹಿಡದ ಮ್ಯಾಲೆ ಕರಕೊಂಡು ಹೋಗಾಕ ಬರ್ರಿ." ಬಾಡಿಗೆ ಕಾರು ಮಾಡೋಣ ಎಂದು ವೀರೇಶ ಹೇಳಿದ. ಮೊಮ್ಮಗಳು ನಮ್ಮ ಕಾರಿನಲ್ಲೇ ಬಂದಿಳಿಯುತ್ತಾಳೆ ಎಂದು ಇಡೀ ಓಣಿಗೆ ಸಾರಿದ್ದವಳು ನಾನು, ಒಪ್ಪಲಿಲ್ಲ. ಬಳ್ಳಾರಿಯಲ್ಲಿ ಮಳೆ ಹಿಡಿಯುವುದು ಯಾವಾಗ ಎಂದು ಮೋಡಕ್ಕೂ ಗೊತ್ತಿರುವುದಿಲ್ಲ.

ನಮ್ಮ ಅಂಗಡಿಯ ಎದುರಿಗೇ ಖಾಜಾನ ಗ್ಯಾರೇಜು. ಅವನು ಮುಂದಿನ ಮುಚ್ಚಳ ಎತ್ತಿ ನೋಡಿ, "ಅಮ್ಮಾ, ಹೀಟರ್ ಮೋಟರ್ ಹೋಗೇತಿ" ಎಂದ.

"ಹೋದ್ರ ಹೋಗ್ಲಿ ಬಿಡಪ್ಪಾ. ಬಳ್ಳಾರ್ಯಾಗ ಹೀಟರ್ ಯಾರಿಗೆ ಬೇಕು? ಕೆಟ್ಟಿದ್ದಕ್ಕ ಪೇಡೆ ಹಂಚೂಣು."

ಬಿಸಿ ಗಾಳಿಗೂ ತಂಪು ಗಾಳಿಗೂ ಫ್ಯಾನು ಒಂದೇ, ಅದನ್ನು ತಿರುಗಿಸುವ ಮೋಟರೂ ಒಂದೇ ಎಂದು ಅವನು ತಿಳಿಸಿ ಹೇಳಿದ ಮೇಲೆ ಪೇಡೆಯ ಮಾತು ಬಿಟ್ಟೆ. ಆ ಮೋಟರು ಎಂಜಿನ್ನಿನ ಹಿಂದೆ, ಗಾಜಿನ ಬುಡದಲ್ಲಿ, ಸಂದಿಯೊಳಗೆ ಕೂತಿತ್ತು. ಹಳೆಯದನ್ನು ಮೇಲಿನಿಂದಲೇ ಹೇಗೋ ಬಿಚ್ಚಿ ಎಳೆದ. ಹೊಸದನ್ನೂ ಇಳಿಸಿದ. ಹಿಂಬದಿಯ ಒಂದು ಸ್ಕ್ರೂ ಮಾತ್ರ ಬೆರಳಿನಿಂದಲೇ ಕೂರಿಸಬೇಕು. ಪೈಪಿಗೂ ತಗಡಿಗೂ ನಡುವೆ ಇದ್ದ ಕಿಂಡಿಯಲ್ಲಿ ಅವನ ಕೈ ಹೋಗಲೊಲ್ಲದು. "ಪೈಪು ಬಿಚ್ಚಿದ್ರ ಎಸಿ ಗ್ಯಾಸೆಲ್ಲಾ ಹೋಗಿಬಿಡ್ತೈತಿ. ಮತ್ತ ತುಂಬಾಕ ನಾಡಿದ್ದು ಆಕ್ಕೈತಮ್ಮಾ" ಎಂದ. ನನ್ನ ಕೈ ಹಾಕಿ ನೋಡಿದೆ. ಹೋಯಿತು, ಆದರೆ ತೋಳು ಗಿಡ್ಡ, ಸ್ಕ್ರೂ ಮುಟ್ಟಲಿಲ್ಲ. ವೀರೇಶನ ಕೈಯಂತೂ ಖಾಜಾನದಕ್ಕಿಂತ ದಪ್ಪ. ತುಪ್ಪ ಹಾಕಿ ಸಾಕಿದವಳು ನಾನೇ, ಯಾರನ್ನು ದೂರಲಿ?

ಆ ಕಿಂಡಿಯನ್ನು ಇನ್ನೊಮ್ಮೆ ನೋಡಿದೆ. ಕಬ್ಬಿಣದ ಬಳೆಯಂತೆ ಕಂಡಿತು. "ಬಾ ಇಲ್ಲಿ, ಕೈ ಕೊಡು" ಎಂದೆ.

ಸೋಪು ಹಚ್ಚಿ, ಹೆಬ್ಬೆರಳು ಮಡಚಿ, ಎಲುಬು ಒತ್ತಿದೆ. "ಸತ್ತೆನಮ್ಮಾ, ಎಲುಬು ಮುರೀತು" ಎಂದು ಕೂಗಿದ.

"ಮದುವಿ ಹುಡಿಗ್ಯಾರು ಇಷ್ಟು ಒದರಂಗಿಲ್ಲ, ಸುಮ್ಕಿರು. ಹೋದ ಹಬ್ಬಕ್ಕ ನಿನ್ನ ಹೆಂಡ್ತಿಗೆ ಬಳಿ ಯಾಕ ಕೊಡಸಲಿಲ್ಲ?"

"ಕೊಡಸಿದ್ನಲ್ಲಮ್ಮಾ. ಈ ಬಣ್ಣ ನನಗ ಬ್ಯಾಡ, ನೀನ ತೊಟ್ಕೋ ಅಂದ್ಲು" ಎಂದು ತಾನೇ ನಕ್ಕ. ತಳ್ಳಿಬಿಟ್ಟೆ. ಕೈ ಒಳಗೆ ಹೋಯಿತು. ಸ್ಕ್ರೂ ಕೂತಿತು. ವೀರೇಶ ಕೀಲಿ ತಿರುಗಿಸಿ ಎಸಿ ಹಾಕಿದ. ಒಳಗಿಂದ ಗಾಳಿ ಬುಸ್ಸೆಂದಿತು. ನಾನು ಅಕ್ಕಪಕ್ಕದ ಅಂಗಡಿಯವರ ಕಡೆಗೊಮ್ಮೆ ನೋಡಿದೆ, ಎಲ್ಲರೂ ನೋಡಿದರೋ ಇಲ್ಲವೋ ಎಂದು.

ಕೈ ಹೊರಗೆ ಬರಲಿಲ್ಲ.

ಬಳೆ ಏರಿಸುವುದು ನನ್ನ ಕಸುಬು, ಇಳಿಸುವುದು ಅಷ್ಟಾಗಿ ಅಲ್ಲ. ಒತ್ತಿಸಿಕೊಂಡ ಕೈ ಊದತೊಡಗಿತ್ತು. ಎಂಜಿನ್ ಆರಿಸಿ ಮತ್ತೆ ಸೋಪು ಸುರಿದೆವು, ತಣ್ಣೀರು ಸುರಿದೆವು. ಪಕ್ಕದ ಪಂಕ್ಚರ್ ಅಂಗಡಿಯವನು ಬಂದು, "ಹಂಗಾ ಸಿರುಗುಪ್ಪಕ್ಕ ಕರಕೊಂಡು ಹೋಗ್ರಿ, ದಾರ್ಯಾಗ ಕೆಟ್ರ ರಿಪೇರಿಗೆ ಆಗತಾನ" ಎಂದ. ಖಾಜಾ ನಗಲಿಲ್ಲ. ಸಣ್ಣ ದನಿಯಲ್ಲಿ ಕೇಳಿದ, "ಅಮ್ಮಾ, ಬಳಿ ಹೊರಗ ಬರಲಿಲ್ಲಂದ್ರ ಏನು ಮಾಡ್ತೀರಿ?"

"ಒಡಿತೀವಿ" ಎಂದೆ.

ಖಾಜಾ ಕಾರನ್ನು ನೋಡಿದ. ವೀರೇಶ ನನ್ನನ್ನು ನೋಡಿದ.

ಅದೇ ಹೊತ್ತಿಗೆ ಬೀಗರ ವಿಡಿಯೋ ಕಾಲ್ ಬಂತು. ಎತ್ತಿದರೆ ಮೊದಲು ಅವರ ಮೀಸೆ, ಆಮೇಲೆ ಮೊಮ್ಮಗಳು. "ಕಾರು ಆತೇನ್ರಿ ಅಕ್ಕಾರ?"

"ಆತ್ರಿ. ಮೆಕ್ಯಾನಿಕ್ ಒಂದೀಟು ಅದರಾಗ ಉಳದಾನ" ಎಂದು ಫೋನನ್ನು ಖಾಜಾನ ಕಡೆ ತಿರುಗಿಸಿದೆ. ಕೂಸು ಅವನನ್ನು ದಿಟ್ಟಿಸಿ ನೋಡಿತು. ಆಮೇಲೆ ಬಾಯಿ ತೆರೆದು ಫೋನನ್ನೇ ನೆಕ್ಕಿತು. ಪರದೆಯ ತುಂಬ ನಾಲಿಗೆ. ಖಾಜಾ ಫಕ್ಕನೆ ನಕ್ಕ. ನಾನು ಫೋನನ್ನು ವೀರೇಶನ ಕೈಗೆ ತುರುಕಿ, ಖಾಜಾನ ತೋಳು ಹಿಡಿದು ತಿರುವಿ ಎಳೆದೆ. ಕೈ ಬಂತು, ಒಂದಿಷ್ಟು ಚರ್ಮ ಅಲ್ಲೇ ಉಳಿಯಿತು. ಬೀಗರು, "ಹಂಗಾದ್ರ ನಾಳೆ ಬರ್ರಿ" ಎಂದರು. ಖಾಜಾನ ಹೆಂಡತಿಗೆ ಆಕೆ ಮೆಚ್ಚಿದ ಬಣ್ಣದ ಬಳೆ ಕೊಡುವುದಾಗಿ ಅಲ್ಲೇ ಒಪ್ಪಿಕೊಂಡೆ.

ಮರುದಿನ ಸಿರುಗುಪ್ಪದಿಂದ ಹೊರಟಾಗ ಕೂಸು ನನ್ನ ಮಡಿಲಲ್ಲಿತ್ತು, ಪಕ್ಕದಲ್ಲಿ ಸೊಸೆ. ಮೊಮ್ಮಗಳಿಗೆಂದು ಆರಿಸಿಟ್ಟಿದ್ದ ಪುಟ್ಟ ಕರಿಬಳೆ ತೆಗೆದು ತೊಡಿಸಹೋದೆ. ಮುಷ್ಟಿ ಬಿಚ್ಚಲೆಂದು ಬೆರಳು ತೂರಿಸಿದೆ, ಬೆರಳನ್ನೇ ಹಿಡಿದುಕೊಂಡು ನಿದ್ದೆ ಹೋದಳು. ನನ್ನ ತಂಗಿಗೆ ಕೂಸನ್ನು ತೋರಿಸಲೆಂದೇ ಸುತ್ತುಹಾಕಿ ಕುರುಗೋಡಿಗೆ ಹೋದೆವು. ಉಳಿದವರು ಇಳಿದು ಚಹಾ ಕುಡಿದರು, ತಂಗಿಯೇ ಕಾರಿನ ಬಾಗಿಲಿಗೆ ಬಂದು ಕೂಸನ್ನು ನೋಡಿದಳು. ನಾನು ಇಳಿಯಲಿಲ್ಲ. ವೀರೇಶ ಬಗ್ಗಿ ನೋಡಿ, "ಸೋಪು ತರಲೇನಮ್ಮಾ?" ಎಂದ. ಸುಮ್ಮನಿರು, ಎದ್ದಾಳು ಎಂದು ಸನ್ನೆ ಮಾಡಿದೆ.

ಬಳ್ಳಾರಿ ಮುಟ್ಟಿದಾಗ ಖಾಜಾ ಕೈಗೆ ಪಟ್ಟಿ ಕಟ್ಟಿಕೊಂಡು ಗ್ಯಾರೇಜಿನ ಮುಂದೆಯೇ ಕಾದಿದ್ದ. "ಗಾಳಿ ಹೆಂಗ ಬಂತಮ್ಮಾ?" ಎಂದು ಕೇಳಿದ. ಭಾಳ ಚೆಂದ ಬಂತಪ್ಪಾ ಎಂದೆ. ಬಂದಿತ್ತೋ ಇಲ್ಲವೋ, ನಿಜವಾಗಿ ನಾನು ನೋಡಿರಲಿಲ್ಲ.