ನಿಲ್ಲಿಸಬಾರದ ಮೇಷ್ಟರು

ಮೇಷ್ಟರು ಮಾತಾಡುವಾಗ ಮಧ್ಯೆ ಬಾಯಿ ಹಾಕಬಾರದು ಎಂಬುದನ್ನು ಎಲ್ಲರೂ ಒಂದನೇ ಕ್ಲಾಸಿನಲ್ಲಿ ಕಲಿತು ಐದನೇ ಕ್ಲಾಸಿಗೆ ಬರುವ ಹೊತ್ತಿಗೆ ಮರೆತುಬಿಡುತ್ತಾರೆ. ನನಗೆ ಮಾತ್ರ ಅದು ಮರೆತುಹೋಗಲೇ ಇಲ್ಲ. ಯಾಕೆಂದರೆ ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆಮೇಲೆ ಸಾಗರದ ಒಂದು ಟೈಲರ್ ಅಂಗಡಿಯಲ್ಲಿ ಕಾಜಾ ಗುಂಡಿ ಮಾಡಿಕೊಂಡು ಬೆಳೆದೆ. ಮದುವೆಯಾಗಿ ಹೊಸನಗರಕ್ಕೆ ಬಂದ ಮೇಲೆ ಹೆಂಡತಿಯ ಹಟಕ್ಕೆ ಎಸ್ಸೆಸ್ಸೆಲ್ಸಿ ಕಟ್ಟಿದೆ. ಪರೀಕ್ಷೆಯ ದಿನ ನಾನು ಕೋಣೆಯೊಳಗೆ ಹೋದರೆ ಮೇಲ್ವಿಚಾರಕಿಯೇ ಎದ್ದು ನಿಂತು ನಮಸ್ಕಾರ ಮಾಡಿದಳು. ನಾನೂ ಮಾಡಿದೆ. ಹೇಗೋ ಪಾಸಾದೆ. ಈ ಪ್ರಬಂಧವನ್ನು ಒಂದೇ ಬೆರಳಿನಲ್ಲಿ ಟೈಪು ಮಾಡುತ್ತಿದ್ದೇನೆ, ಆದರೆ ಪಾಸಾದ ಬೆರಳು.

ನನ್ನ ಹೆಂಡತಿ ಸುಮಿತ್ರ ಇಲ್ಲೇ ಒಂದು ಕಚೇರಿಯಲ್ಲಿ ಗುಮಾಸ್ತೆ. ಹೋದ ವರ್ಷ ಗೆಳತಿಯರ ಜತೆ ಹೊನ್ನೆಮರಡಿಗೆ ಹೋಗಿ ಹಿನ್ನೀರಿನಲ್ಲಿ ತೆಪ್ಪ ತಿರುಗಿಸಿ ಬಂದಳು. ಅಲ್ಲಿ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಒಂದು ಸಂಸಾರ ಸಿಕ್ಕಿತ್ತಂತೆ. ಮುಖದ ಬಿಸಿಲು ಕಪ್ಪು ಒಂದು ವಾರದಲ್ಲಿ ಹೋಯಿತು, ಈ ವಿಚಾರ ಹೋಗಲಿಲ್ಲ. ನಮ್ಮ ಮಗಳು ಸಿಂಚನಳ ಏಳನೇ ಕ್ಲಾಸು ಮನೆಯಲ್ಲೇ ಎಂದು ತೀರ್ಮಾನವಾಯಿತು. ಗಣಿತ, ವಿಜ್ಞಾನ, ಇಂಗ್ಲಿಷು ಸುಮಿತ್ರ ಸಂಜೆ ಹೇಳಿಕೊಡುವುದು. ಇತಿಹಾಸ ಮಾತ್ರ ನನ್ನ ಪಾಲು, ಅದೂ ಫೋನಿನಲ್ಲಿ ರೆಕಾರ್ಡು ಮಾಡಿಟ್ಟ ಪಾಠ. "ನೀವೆಂತದೂ ಹೇಳ್ಕೊಡೋದು ಬ್ಯಾಡ. ಹಚ್ಚಿಟ್ಟು ಸುಮ್ನೆ ಕೂತ್ಕಳಿ ಸಾಕು" ಎಂದಳು. ವರ್ಷದ ಕೊನೆಗೆ ತೀರ್ಥಹಳ್ಳಿಯಿಂದ ಅವಳ ಅಣ್ಣ, ನಿವೃತ್ತ ಹೆಡ್‌ಮೇಷ್ಟರು, ಬಂದು ಪರೀಕ್ಷೆ ಮಾಡುತ್ತಾರೆ. ಅವರು ಸರಿ ಎಂದರೆ ಮನೆಪಾಠ ಮುಂದುವರಿಯುತ್ತದೆ, ಇಲ್ಲದಿದ್ದರೆ ಜೂನಿಗೆ ವಾಪಸ್ ಶಾಲೆಗೆ.

ಬೆಳಿಗ್ಗೆ ಹತ್ತಕ್ಕೆ ಮನೆಯಲ್ಲೇ ಇರುವ ನನ್ನ ಹೊಲಿಗೆ ಮಿಷನ್ನಿನ ಮೇಲೆ ಫೋನನ್ನು ದಾರದ ಡಬ್ಬಿಗೆ ಒರಗಿಸಿಡುತ್ತಿದ್ದೆ. ಪರದೆಯಲ್ಲಿ ಕನ್ನಡಕದ ಒಬ್ಬ ಮೇಷ್ಟರು ಬರುತ್ತಿದ್ದರು. ಅವರ ಅಂಗಿಯ ಕಾಲರು ಒಂದು ಕಡೆ ಎಳೆದಿತ್ತು, ಪಾಪ ಯಾರು ಹೊಲಿದುಕೊಟ್ಟರೋ. ಅವರು ಬಾಯಿ ತೆರೆದರೆ ನನ್ನ ಕಾಲು ತಾನಾಗಿ ಪೆಡಲಿನಿಂದ ಕೆಳಗಿಳಿಯುತ್ತಿತ್ತು. ಮೇಷ್ಟರು ಮಾತಾಡುವಾಗ ಗಡಗಡ ಮಿಷನ್ ತುಳಿಯುವುದು ಹೇಗೆ? ನಿಲ್ಲಿಸುವ ಗುಂಡಿ ಒತ್ತಲು ಬೆರಳೂ ಬರುತ್ತಿರಲಿಲ್ಲ. ಅವರು ನಡುನಡುವೆ "ಅರ್ಥವಾಯಿತಲ್ಲವೇ?" ಎಂದು ಕೇಳುತ್ತಿದ್ದರು. ನಾನು "ಆಯ್ತು ಸಾರ್" ಅನ್ನುತ್ತಿದ್ದೆ.

"ಅಪ್ಪ, ಅವ್ರಿಗೆ ಕೇಳ್ಸಲ್ಲ" ಎಂದಳು ಸಿಂಚನ.

"ಕೇಳ್ಸದಿದ್ರೂ ಹೇಳ್ಬೇಕು."

"ನಂಗೆ ಅರ್ಥ ಆಗ್ಲಿಲ್ಲ. ಹಿಂದೆ ಹೋಗಣ."

"ನಂಗೂ ಆಗ್ಲಿಲ್ಲ. ಹಂಗಂತ ಅಷ್ಟು ಹೇಳಿದವ್ರನ್ನ ಮತ್ತೆ ಹೇಳಿ ಅನ್ನಕ್ಕಾಗತ್ತಾ?"

ಒಂದು ದಿನ ಪಾಠದ ನಡುವೆ ಪಕ್ಕದ ಬೀದಿಯ ಸಾವಿತ್ರಕ್ಕ ಬಂದರು. "ಎಂತ ಮಾರಾಯ್ರೆ, ಮದ್ವೆ ನಾಡಿದ್ದು. ನನ್ನ ಬ್ಲೌಸು ಇನ್ನೂ ತೋಳಿಲ್ದೆ ನೇತಾಡ್ತಾ ಇದೆ." ನಾನು ತುಟಿಯ ಮೇಲೆ ಬೆರಳಿಟ್ಟು ಸ್ಟೂಲು ತೋರಿಸಿದೆ. ಅವರು ಕೂತು ಕೇಳಿದರು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, "ಆ ರಾಜ ಸತ್ನಾ? ಸತ್ತಿದ್ರೆ ಮಿಷನ್ ತುಳೀರಿ" ಎಂದರು. ರಾಜ ಸತ್ತಿದ್ದ, ಆದರೆ ಅವನ ಮಗ ಪಟ್ಟಕ್ಕೆ ಬಂದಿದ್ದ. ಸಾವಿತ್ರಕ್ಕ ಮದುವೆಗೆ ಹಳೇ ಬ್ಲೌಸಿನಲ್ಲೇ ಹೋದರು.

ಮೇಷ್ಟರ ಮೇಲೆ ನನಗೆ ಬೇಸರವಾದದ್ದು ಒಂದೇ ಸಲ. ಕೆಳದಿ ಅರಸರ ಪಾಠ ಬರುತ್ತದೆಂದು ವಾರದಿಂದ ಕಾದಿದ್ದೆ. ಅವರ ಕೊನೆಯ ರಾಜಧಾನಿ ನಗರ ಎಂಬ ಊರು ನಮ್ಮದೇ ತಾಲೂಕಿನಲ್ಲಿದೆ, ಬಸ್ಸಿನಲ್ಲಿ ಹೋದರೆ ಕೋಟೆ ಕಾಣುತ್ತದೆ. ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತೆ. ಮೇಷ್ಟರು ಒಂದು ಗುಟುಕು ನೀರು ಕುಡಿದು, ನಗರವನ್ನು ಒಂದೇ ವಾಕ್ಯದಲ್ಲಿ ಮುಗಿಸಿ ಮುಂದಿನ ಊರಿಗೆ ಹೋದರು. ನನ್ನ ಮುಖ ನೋಡಿ ಮಗಳು ಅದೇ ವಾಕ್ಯವನ್ನು ಅರ್ಧ ವೇಗದಲ್ಲಿ ಹಾಕಿದಳು. ಮೇಷ್ಟರು ಕುಡಿದವರ ಹಾಗೆ ಎಳೆದೆಳೆದು ಹೇಳಿದರು. ಗೌರವ ಸ್ವಲ್ಪ ಕಡಿಮೆಯಾಯಿತು, ಆದರೆ ನಗರಕ್ಕೆ ಎರಡರಷ್ಟು ಹೊತ್ತು ಸಿಕ್ಕಿತು.

ಇಷ್ಟರಲ್ಲಿ ನನಗೊಂದು ಭಯ ಶುರುವಾಗಿತ್ತು. ಮಗಳು ಫೇಲಾದರೆ ಅವಳಿಗೆ ಶಾಲೆಯಾದರೂ ಇದೆ. ನನಗೆ ಬೆಳಿಗ್ಗೆ ಹತ್ತಕ್ಕೆ ಈ ವಯಸ್ಸಿನಲ್ಲಿ ಯಾರು ಪಾಠ ಹೇಳುತ್ತಾರೆ? ಕೆಲಸ ಬಿಟ್ಟು ಕೂರಲು ಮಗಳ ನೆಪವೂ ಇರುವುದಿಲ್ಲ.

ಏಪ್ರಿಲಿನಲ್ಲಿ ಸುಮಿತ್ರಳ ಅಣ್ಣ, ನನ್ನ ಭಾವ, ಬಂದರು. ಕಾಫಿ ಕುಡಿದು, ಸಿಂಚನಳನ್ನು ಎದುರಿಗೆ ಕೂರಿಸಿಕೊಂಡು, "ವಿಜಯನಗರ ಯಾವ ನದಿ ದಂಡೆ ಮೇಲಿತ್ತು ಪುಟ್ಟಿ?" ಎಂದರು. ಅವಳು ಯೋಚಿಸಿ ಉತ್ತರ ಹೇಳುವ ಹುಡುಗಿ. ನಾನು ಕಾಯಲಿಲ್ಲ. "ತುಂಗಭದ್ರಾ" ಎಂದೆ.

"ನಿಮ್ಮನ್ನ ಕೇಳ್ಲಿಲ್ಲ" ಎಂದರು.

"ಬಾಯಿಗೆ ಬಂದ್ಬಿಡ್ತು."

ಎರಡನೆಯ ಪ್ರಶ್ನೆಗೂ ಹಾಗೇ ಆಯಿತು. ಸುಮಿತ್ರ ನನ್ನನ್ನು ಹೊರಗೆ ಕಳಿಸಿದಳು. ಮೂರನೆಯ ಪ್ರಶ್ನೆ ಕೆಳದಿಯವರ ಕೊನೆಯ ರಾಜಧಾನಿ ಯಾವುದು ಎಂದು. ನೀವೇ ಹೇಳಿ, ಕಿಟಕಿಯ ಹೊರಗೆ ನಿಂತವನು ಏನು ಮಾಡಬೇಕು? ನಗರ ಎಂದೆ. ಬಸ್ಸಿನ ವಿವರವನ್ನೂ ಹೇಳಿದೆ.

ಭಾವ ಕನ್ನಡಕ ತೆಗೆದು ಒರೆಸಿಕೊಂಡರು. "ಹುಡುಗೀಗೆ ಗೊತ್ತೋ ಇಲ್ವೋ ನಂಗೆ ಗೊತ್ತಾಗ್ಲಿಲ್ಲ."

"ಎಲ್ಲ ಗೊತ್ತಿತ್ತು ಮಾವ" ಎಂದಳು ಸಿಂಚನ. "ಅಪ್ಪ ಅಂಗಡಿ ಸಾಮಾನಿಗೆ ಹೋದಾಗೆಲ್ಲ ನಿಲ್ಸಿ ನಿಲ್ಸಿ, ಹಿಂದೆ ಹೋಗಿ ಕೇಳಿದೀನಿ. ಹೇಳಕ್ಕೆ ಜಾಗ ಸಿಗ್ಬೇಕಲ್ಲ. ನಾನು ಶಾಲೆಗೇ ಹೋಗ್ತೀನಿ. ಅಲ್ಲಿ ಪಕ್ಕದವ್ರು ಉತ್ರ ಹೇಳಿದ್ರೆ ಮೇಷ್ಟ್ರು ಎಬ್ಬಿಸಿ ನಿಲ್ಲಿಸ್ತಾರೆ."

ಉಳಿದ ಪ್ರಶ್ನೆಗಳನ್ನು ಭಾವ ಬಾಗಿಲು ಹಾಕಿಕೊಂಡು ಕೇಳಿದರು. ಅವಳು ಒಂದೂ ತಪ್ಪದೆ ಹೇಳಿದಳಂತೆ. ನಾನು ಒಳಗೆ ಬಂದು ಗೋಡೆಗೆ ಒರಗಿ ನಿಂತೆ. ಮಗಳು ಗೆದ್ದಿದ್ದಳು, ಆದರೂ ಶಾಲೆಯೇ ಬೇಕೆಂದಿದ್ದಳು, ನನ್ನ ಕ್ಲಾಸು ಮುಗಿದಿತ್ತು. ಎಷ್ಟೋ ವರ್ಷ ಮಕ್ಕಳ ಮುಖ ನೋಡಿದ ಮನುಷ್ಯ ಭಾವ, ನನ್ನ ಮುಖವನ್ನೂ ನೋಡಿ ಒಂದು ಹಾಳೆ ಕೇಳಿ ತೆಗೆದುಕೊಂಡು ಬರೆದರು: ಸಿಂಚನ ಶಾಲೆಗೆ ಹೋಗತಕ್ಕದ್ದು. ತಂದೆಯನ್ನು ಮನೆಪಾಠದಲ್ಲಿ ಮುಂದುವರಿಸಬಹುದು. ಇತಿಹಾಸದಲ್ಲಿ ಆಸಕ್ತಿ ಇದೆ. ನಡತೆ ಸುಧಾರಿಸಬೇಕು.

ಕೆಳಗೆ ಗೆರೆ ಎಳೆದು, ಪೋಷಕರ ಸಹಿ ಎಂದು ಬರೆದು ಹಾಳೆಯನ್ನು ಮುಂದೆ ನೂಕಿದರು. ನಾನು ಜೇಬಿನಲ್ಲಿ ಪೆನ್ನಿಗೆ ತಡಕಾಡಿದೆ. ಅಷ್ಟರಲ್ಲಿ ಮಗಳು ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಒಂದು ಸಲ ಪೂರ್ತಿ ಓದಿ, ಸಹಿ ಹಾಕಿದಳು.